ಚಿನ್ನ ಕರಗ್ತು, ಆದ್ರೆ ಕೆಳಗೆ ಬೀಳ್ತಿಲ್ಲ: ದ್ರಾವಣದಿಂದ ಚಿನ್ನ, ಬೆಳ್ಳಿ ವಾಪಸ್ ತೆಗೆಯೋ ಪೂರ್ತಿ ಕ್ರಮ

"ಎಸ್‌ಎಂಬಿ ಹಾಕ್ದೆ ಸರ್, ಏನೂ ಬೀಳ್ತಿಲ್ಲ, ಇನ್ನೊಂದ್ ಸ್ವಲ್ಪ ಹಾಕ್ಲಾ?" ಇದೇ ಪ್ರಶ್ನೆ ಎಷ್ಟ್ ಸಲ ಕೇಳಿದೀನೋ ಲೆಕ್ಕ ಇಲ್ಲ. (ಎಸ್‌ಎಂಬಿ ಅಂದ್ರೆ ಆಸಿಡ್‌ನಲ್ಲಿ ಕರಗಿದ ಚಿನ್ನನ ಕೆಳಗೆ ಬೀಳ್ಸೋ ಪುಡಿ.) ಹಾಕ್ಬೇಡಿ. ಹತ್ತರಲ್ಲಿ ಎಂಟು ಸಲ ತಪ್ಪು ಪುಡೀದಲ್ಲ, ಪುಡಿ ಹಾಕೋಕ್ ಮುಂಚೆ ಬಿಟ್ಟ ಎರಡು ಕೆಲಸದ್ದು: ಚಿನ್ನ ಕರಗಿಸಿ ಉಳಿದ ನೈಟ್ರಿಕ್ ಆಸಿಡ್ ತೆಗೆದಿರಲ್ಲ, ಸ್ಟ್ಯಾನಸ್ ಟೆಸ್ಟ್ (ತವರದ ದ್ರಾವಣದ ಹನಿ ಹಾಕಿ ಕರಗಿದ ಚಿನ್ನ ಇದ್ಯಾ ಅಂತ ಬಣ್ಣದಲ್ಲಿ ನೋಡೋದು) ಮಾಡಿರಲ್ಲ. ಅದಕ್ಕೇ ಈ ಸಲ ಕ್ರಮವಾಗಿ ಬರೀತಿದೀನಿ, ಯಾವ್ದರ ನಂತರ ಯಾವ್ದು ಅನ್ನೋದೇ ಇಲ್ಲಿ ಮುಖ್ಯ, ಮಧ್ಯದ್ದೊಂದು ಹಾರಿಸಿದ್ರೆ ಮುಂದಿಂದೆಲ್ಲ ಕೆಡತ್ತೆ.

ಉದಾಹರಣೆಗೆ ಉದ್ದಕ್ಕೂ ಒಂದೇ ಲೆಕ್ಕ ಇಟ್ಕೊಳ್ತೀನಿ: 10 ಗ್ರಾಂ 22 ಕ್ಯಾರೆಟ್ ಅರದ ಪುಡಿ. ಅಂದ್ರೆ ಒಳಗೆ ಸುಮಾರು 9.16 ಗ್ರಾಂ ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರ.

ಶುರು ಮಾಡೋಕ್ ಮುಂಚೆ: ಇದನ್ನ ಎಲ್ಲಿ ಮಾಡ್ಬಾರ್ದು

ಅಡುಗೆಮನೆ, ಬಾತ್‌ರೂಮು, ಬಾಡಿಗೆ ಮನೆ ಬಾಲ್ಕನಿ, ಇಲ್ಲೆಲ್ಲ ಬೇಡವೇ ಬೇಡ. ನೈಟ್ರಿಕ್‌ನಿಂದ ಬರೋ ಕಂದು ಹೊಗೆ ಇದ್ಯಲ್ಲ, ಅದನ್ನ ಎಳ್ಕೊಂಡಾಗ ಒಂದ್ ಸಲ ಕೆಮ್ಮು ಬಂದು ನಿಂತೋಗತ್ತೆ, ಏನೂ ಆಗ್ಲಿಲ್ಲ ಅನ್ಕೊಂಡು ಮಲ್ಕೋತೀರ, ಆಮೇಲೆ ಎಷ್ಟೋ ಗಂಟೆ ಕಳೆದು ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳತ್ತೆ. ಹೊಗೆ ಕುಡಿದಿದ್ರೆ ಆರಾಮಾಗಿದೀನಿ ಅನ್ನಿಸಿದ್ರೂ ಅವತ್ತೇ ಆಸ್ಪತ್ರೆಗೆ ಹೋಗಿ, ಯಾವ ಹೊಗೆ ಅಂತ ಡಾಕ್ಟರಿಗೆ ಬಾಯ್ಬಿಟ್ಟು ಹೇಳಿ. ಎಸ್‌ಎಂಬಿಯಿಂದ ಬರೋ ಗಂಧಕದ ಹೊಗೆನೂ ಕಮ್ಮಿ ಏನಲ್ಲ, ಅಸ್ತಮಾ ಇರೋರು ಈ ಕೆಲಸಕ್ಕೆ ಕೈನೇ ಹಾಕ್ಬಾರ್ದು.

ಎರಡನೇದು, ಪ್ಲೇಟಿಂಗ್ ಅಂಗಡಿಯಿಂದ ಬಂದ ಹಳೇ ಚಿನ್ನದ ನೀರು. ಅದ್ರಲ್ಲಿ ಸಯನೈಡ್ ಇರೋ ಸಾಧ್ಯತೆ ಜಾಸ್ತಿ, ಅದಕ್ಕೆ ಆಸಿಡ್ ತಾಗಿದ್ರೆ ಬರೋ ಗಾಳಿ ಆಳನ್ನ ಅಲ್ಲೇ ಬೀಳ್ಸತ್ತೆ. ಅದರ ವಿಧಾನವೇ ಬೇರೆ, ಈ ಬರಹ ಅದಕ್ಕಲ್ಲ. ಏನಿದೆ ಅಂತ ಗೊತ್ತಿಲ್ಲದ ಯಾವ ಬಾಟ್ಲಿಗೂ ಆಸಿಡ್ ಹಾಕ್ಬೇಡಿ.

ಮೂರನೇದು, ಹಳೇ ಕಂಪ್ಯೂಟರ್ ಬೋರ್ಡು. 2022ರ ಇ-ತ್ಯಾಜ್ಯ ನಿರ್ವಹಣೆ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನೋಂದಣಿ ಇಲ್ದೆ ಅದರ ರೀಸೈಕ್ಲಿಂಗ್ ದಂಧೆ ಮಾಡೋ ಹಾಗಿಲ್ಲ. ನಾನ್ ಇಲ್ಲಿ ಬರೀತಿರೋದು ಒಡವೆ ಕೆಲಸದವರ ಅರದ ಪುಡಿ, ತುಂಡು, ಒಡೆದ ಒಡವೆ ಬಗ್ಗೆ.

ಬೇಕಾದ ಸಾಮಾನು

ಬೋರೋಸಿಲಿಕೇಟ್ ಬೀಕರ್ (ದ್ರಾವಣದ ಮೂರು ಪಟ್ಟು ಹಿಡಿಯೋದು), ಗಾಜಿನ ಕಡ್ಡಿ, ಫನೆಲ್, ಫಿಲ್ಟರ್ ಪೇಪರ್, ಡ್ರಾಪರ್, ಬಿಳಿ ಟೈಲ್ಸ್ ತುಂಡು, ಹಾಟ್‌ಪ್ಲೇಟ್, 0.01 ಗ್ರಾಂ ತೋರ್ಸೋ ತಕ್ಕಡಿ. ಬೀಕರ್ ಕೆಳಗೆ ಯಾವಾಗ್ಲೂ ಒಂದು ಅಗಲವಾದ ಗಾಜಿನ ಟ್ರೇ ಇರ್ಬೇಕು, ಬೀಕರ್ ಒಡೆದ್ರೆ ಚಿನ್ನ ಟ್ರೇನಲ್ಲಿರತ್ತೆ. ನಾನು ಶುರುವಿನಲ್ಲಿ ಟ್ರೇ ಯಾಕೆ ಅಂತ ಬಿಟ್ಟಿದ್ದೆ, ಬಿಸಿ ದ್ರಾವಣಕ್ಕೆ ಒಂದೇ ಸಲಕ್ಕೆ ಪುಡಿ ಸುರಿದೆ, ಉಕ್ಕಿ ಅರ್ಧ ನೆಲಕ್ಕೆ ಹೋಯ್ತು. ಸಿಮೆಂಟ್ ನೆಲ ಆಸಿಡ್ ಕುಡಿಯತ್ತೆ, ಕೊನೆಗೆ ಉಳಿ ತಗೊಂಡು ನೆಲನೇ ಕೆತ್ತಿ ಆ ಪುಡಿನ ಬಕೆಟ್‌ಗೆ ತುಂಬಿದೀನಿ.

ಹೊಗೆ ಎಳೆಯೋ ವ್ಯವಸ್ಥೆ ಅಂದ್ರೆ ಕಿಟಕಿ ಫ್ಯಾನ್ ಅಲ್ಲ. ಹೊಗೆ ನಿಮ್ಮ ಮುಖ ದಾಟದೆ ಹಿಂದಿನಿಂದ ಎಳ್ಕೊಂಡು ಹೋಗೋ ಹುಡ್ ಬೇಕು. ಕಣ್ಣಿಗೆ ಪೂರ್ತಿ ಮುಚ್ಚೋ ಗಾಗಲ್, ನೈಟ್ರೈಲ್ ಗ್ಲೌಸ್, ಆಸಿಡ್ ಗ್ಯಾಸ್ ಕಾರ್ಟ್ರಿಡ್ಜ್ ಇರೋ ಮಾಸ್ಕ್. ಬಟ್ಟೆ ಮಾಸ್ಕು, ಕೊರೊನಾ ಟೈಮಿನ ಮಾಸ್ಕು ಇದಕ್ಕೆ ಸೊನ್ನೆ. ಪಕ್ಕದಲ್ಲಿ ಹರಿಯೋ ನೀರು, ಒಂದು ಡಬ್ಬಿ ವಾಷಿಂಗ್ ಸೋಡಾ.

ಸ್ಟೀಲ್ ಸ್ಪೂನು, ಅಲ್ಯೂಮಿನಿಯಂ ಪಾತ್ರೆ, ಕಬ್ಬಿಣದ ಇಕ್ಕಳ ದ್ರಾವಣದ ಹತ್ರನೂ ಸುಳೀಬಾರ್ದು. ಆ ಲೋಹಗಳ ಮೇಲೇ ಚಿನ್ನ ಕೂತ್ಕೊಂಡ್ಬಿಡತ್ತೆ.

ಹಂತ 1: ಸ್ಟ್ಯಾನಸ್ ದ್ರಾವಣ ಮೊದ್ಲೇ ಮಾಡಿಟ್ಕೊಳ್ಳಿ

ಎಲ್ರೂ ಇದನ್ನ ಕೊನೆಗೆ ಮಾಡ್ತಾರೆ, ನಾನ್ ಹೇಳೋದು ಚಿನ್ನ ಕರಗಿಸೋಕ್ ಮುಂಚೆನೇ ಮಾಡಿ ಅಂತ. ಶುದ್ಧ ತವರ ಸುಮಾರು 1 ಗ್ರಾಂ, ಹೈಡ್ರೋಕ್ಲೋರಿಕ್ ಆಸಿಡ್ 30 ಎಂಎಲ್, ಹುಡ್ ಕೆಳಗೆ ಸ್ವಲ್ಪ ಬೆಚ್ಚಗೆ ಮಾಡಿ, ನಿಧಾನಕ್ಕೆ ಕರಗತ್ತೆ. ಕಲಾಯಿ ಹಾಕೋರ ಹತ್ರ ಸಿಗೋ ತವರ ಆಗತ್ತೆ, ಸೀಸ ಬೆರೆಸಿರ್ಬಾರ್ದು ಅಷ್ಟೆ. ಬಾಟ್ಲಿ ತಳದಲ್ಲಿ ಒಂದು ಸಣ್ಣ ತವರದ ಚೂರು ಉಳ್ಸಿದ್ರೆ ದ್ರಾವಣ ಬೇಗ ಕೆಡಲ್ಲ. ಆದ್ರೂ ಕೆಲವು ವಾರ ಅಷ್ಟೆ, ಆಮೇಲೆ ಹೊಸದು ಮಾಡ್ಕೊಳ್ಳಿ.

ಅದು ಜೀವಂತ ಇದ್ಯೋ ಇಲ್ವೋ ನೋಡೋಕೆ ಗೊತ್ತಿರೋ ಚಿನ್ನದ ದ್ರಾವಣ ಒಂದಿಷ್ಟು ಸಣ್ಣ ಡ್ರಾಪರ್ ಬಾಟ್ಲಿಲಿ ಬೇರೆ ಇಟ್ಟಿರಿ. ಟೈಲ್ಸ್ ಮೇಲೆ ಅದರ ಒಂದು ಹನಿ, ಸ್ಟ್ಯಾನಸ್ ಒಂದು ಹನಿ, ನೇರಳೆ ಅಥವಾ ಕಪ್ಪು ನೇರಳೆ ಬಣ್ಣ ಬಂದ್ರೆ ಟೆಸ್ಟ್ ಸರಿ ಇದೆ. ಬರ್ಲಿಲ್ಲ ಅಂದ್ರೆ ಸ್ಟ್ಯಾನಸ್ ಸತ್ತಿದೆ. ಈ ಒಂದು ಹನಿ ನೋಡದೆ ಕೆಲಸದ ದ್ರಾವಣದಲ್ಲಿ ಬಣ್ಣ ಬರ್ಲಿಲ್ಲ, ಚಿನ್ನ ಇಲ್ಲ ಅಂತ ಮೋರಿಗೆ ಸುರಿದವರನ್ನ ನಾನು ನೋಡಿದೀನಿ. ಸ್ಟ್ಯಾನಸ್‌ನ ಟೈಲ್ಸ್ ಮೇಲೇ ಹಾಕಿ, ಬೀಕರ್ ಒಳಗೆ ಅಲ್ಲ.

ಹಂತ 2: ಪುಡಿ ಸ್ವಚ್ಛ ಮಾಡಿ ಕರಗಿಸೋದು

ಇದನ್ನ ಬೇಗ ಮುಗಿಸ್ತೀನಿ. ಅರದ ಪುಡಿಯಲ್ಲಿ ಅರದ್ದೇ ಕಬ್ಬಿಣದ ಚೂರಿರತ್ತೆ, ಅಯಸ್ಕಾಂತ ಕಾಗದದಲ್ಲಿ ಸುತ್ತಿ ಎರಡು ಮೂರು ಸಲ ಆಡಿಸಿ. ಮೇಣ, ಎಣ್ಣೆ, ಕೂದಲು ಹೋಗೋ ಹಾಗೆ ಕೆಂಪಗೆ ಕಾಯಿಸಿ. ಬೆಸುಗೆಯ ತವರ ಇದ್ರೆ ಮೊದ್ಲು ಬರೀ ಹೈಡ್ರೋಕ್ಲೋರಿಕ್‌ನಲ್ಲಿ ಬೆಚ್ಚಗೆ ಇಟ್ಟು ತೆಗೀರಿ, ಚೆನ್ನಾಗಿ ತೊಳೀರಿ. ಇದನ್ನ ಬಿಟ್ರೆ ಮುಂದೆ ಬೀಕರ್ ಒಳಗೇ ಸ್ಟ್ಯಾನಸ್ ಟೆಸ್ಟ್ ನಡೆದ ಹಾಗಾಗತ್ತೆ, ಚಿನ್ನ ನೇರಳೆ ಬಣ್ಣದ ಸೂಕ್ಷ್ಮ ಕಣ ಆಗಿ ತೇಲ್ತಾ ಇರತ್ತೆ, ಫಿಲ್ಟರಲ್ಲೂ ನಿಲ್ಲಲ್ಲ, ಕೆಳಗೂ ಕೂರಲ್ಲ.

22 ಕ್ಯಾರೆಟ್‌ನಲ್ಲಿ ಬೆಳ್ಳಿ ಕಮ್ಮಿ ಇರೋದ್ರಿಂದ ನೇರವಾಗಿ ಕರಗತ್ತೆ. ಬೆಳ್ಳಿ 10 ಪರ್ಸೆಂಟ್ ಆಸುಪಾಸು ದಾಟಿದ್ರೆ ಚಿನ್ನದ ಮೇಲೆ ಬಿಳಿ ಸಿಪ್ಪೆ ಕಟ್ಟಿ ಆಸಿಡ್ ಒಳಗೇ ಹೋಗಲ್ಲ. ಅಂಥ ಮಾಲಿಗೆ ಮೊದ್ಲು ಬೆಳ್ಳಿನೋ ತಾಮ್ರನೋ ಸೇರಿಸಿ ಚಿನ್ನ ನಾಲ್ಕನೇ ಒಂದು ಭಾಗ ಬರೋ ಹಾಗೆ ಕರಗಿಸಿ, ನೈಟ್ರಿಕ್‌ನಲ್ಲಿ ಉಳಿದದ್ದನ್ನ ತೆಗೀಬೇಕು.

ನಮ್ಮ 10 ಗ್ರಾಂಗೆ 40 ಎಂಎಲ್ ಹೈಡ್ರೋಕ್ಲೋರಿಕ್, ಹುಡ್ ಕೆಳಗೆ ಬೆಚ್ಚಗೆ. ನೈಟ್ರಿಕ್ ಒಂದೊಂದು ಎಂಎಲ್ ಹಾಕಿ, ಕುದಿಯೋದು ನಿಂತ ಮೇಲೇ ಮುಂದಿನದು. ಪುಸ್ತಕದಲ್ಲಿ ನಾಲ್ಕಕ್ಕೊಂದು ಅಂತಿದೆ ಅಂತ 10 ಎಂಎಲ್ ಒಟ್ಟಿಗೆ ಸುರೀಬೇಡಿ, ಸಾಮಾನ್ಯವಾಗಿ ಅಷ್ಟು ಬೇಕಾಗೋದೇ ಇಲ್ಲ. ಮಿಕ್ಕಿದ ಒಂದೊಂದು ಎಂಎಲ್‌ನೂ ಮುಂದಿನ ಹಂತದಲ್ಲಿ ನೀವೇ ತೆಗೀಬೇಕು.

ಹಂತ 3: ಉಳಿದ ನೈಟ್ರಿಕ್ ಕೊಲ್ಲೋದು

ಇಲ್ಲೇ ಎಲ್ರೂ ಬೀಳೋದು. ದ್ರಾವಣದಲ್ಲಿ ನೈಟ್ರಿಕ್ ಉಳಿದಿದ್ರೆ ನೀವು ಹಾಕೋ ಎಸ್‌ಎಂಬಿ ಮೊದ್ಲು ಅದರ ಜೊತೆ ಜಗಳಕ್ಕೆ ಹೋಗತ್ತೆ, ಚಿನ್ನಕ್ಕೆ ಏನೂ ಉಳಿಯಲ್ಲ, ಬಿದ್ದ ಸ್ವಲ್ಪ ಚಿನ್ನನೂ ವಾಪಸ್ ಕರಗತ್ತೆ. ಕಂದು ಪುಡಿ ಕಾಣ್ತು, ಬೆಳಿಗ್ಗೆ ನೋಡಿದ್ರೆ ಮಾಯ ಅಂತಾರಲ್ಲ, ಯಾರೂ ಕದ್ದಿಲ್ಲ, ನೈಟ್ರಿಕ್ ತಿಂದಿದೆ.

ಸುಲಭದ ದಾರಿ ಸಲ್ಫಾಮಿಕ್ ಆಸಿಡ್. ಬಿಳಿ ಪುಡಿ, ಕಟ್ಟಿದ ಸುಣ್ಣದ ಪದರ ತೆಗೆಯೋ ಕೆಮಿಕಲ್ ಆಗಿ ಅಗ್ಗಕ್ಕೆ ಸಿಗತ್ತೆ, ಬಣ್ಣ ವಾಸನೆ ಬೆರೆಸದೇ ಇರೋದು ತಗೊಳ್ಳಿ. 70 ಪರ್ಸೆಂಟ್ ನೈಟ್ರಿಕ್ 1 ಎಂಎಲ್ ಉಳಿದಿದ್ರೆ ಸುಮಾರು 1.5 ಗ್ರಾಂ ಸಲ್ಫಾಮಿಕ್ ಬೇಕು. ದ್ರಾವಣ ಬಿಸಿ ಇರ್ಬೇಕು, ಕುದೀತಾ ಇರ್ಬಾರ್ದು. ಚಿಟಿಕೆ ಚಿಟಿಕೆ ಹಾಕಿ, ನೊರೆ ಬರತ್ತೆ, ಇಳಿಯೋ ತನಕ ಕಾಯಿರಿ, ಮತ್ತೆ ಚಿಟಿಕೆ. ಹೊಸ ಚಿಟಿಕೆಗೆ ಗುಳ್ಳೆನೇ ಬರ್ಲಿಲ್ಲ ಅಂದಾಗ ನಿಲ್ಸಿ. ತಣ್ಣಗಿದ್ದಾಗ ಗುಳ್ಳೆ ಬರಲ್ಲ, ಅದನ್ನ ನೋಡಿ ಮುಗೀತು ಅನ್ಕೋಬೇಡಿ. ಇನ್ನೊಂದು ಲಾಭ, ಸೀಸ ಇದ್ರೆ ಅದೂ ಬಿಳಿ ಮಡ್ಡಿಯಾಗಿ ಕೆಳಗಿಳಿಯತ್ತೆ.

ಯೂರಿಯಾ ಹಾಕಿ ಅಂತ ಹಳಬರು ಹೇಳ್ತಾರೆ. ಹೇಳ್ಲಿ ಬಿಡಿ. ಅದು ನೈಟ್ರಸ್ ಅನ್ನೋ ಬೇರೆ ಆಸಿಡ್ ಜೊತೆ ಸ್ವಲ್ಪ ಗುಳ್ಳೆ ಎಬ್ಸತ್ತೆ, ನೈಟ್ರಿಕ್‌ನ ತೆಗೆಯಲ್ಲ, ಗುಳ್ಳೆ ನಿಂತಿದ್ದು ನೋಡಿ ಮೋಸ ಹೋಗ್ತೀರ.

ಸಲ್ಫಾಮಿಕ್ ಸಿಗ್ಲಿಲ್ಲ ಅಂದ್ರೆ ಇನ್ನೊಂದ್ ದಾರಿ ಇದೆ, ನನಗಿಷ್ಟವಾದ್ದು: ತೂಕ ಮಾಡಿದ ಶುದ್ಧ ಚಿನ್ನದ ಸಣ್ಣ ಗುಂಡು ಬಿಸಿ ದ್ರಾವಣದಲ್ಲಿ ಬಿಡಿ, ನೈಟ್ರಿಕ್ ಇರೋ ತನಕ ಅದು ಕರಗತ್ತೆ, ಕರಗೋದು ನಿಂತಾಗ ನೈಟ್ರಿಕ್ ಖಾಲಿ. ಗುಂಡು ತೆಗೆದು ತೂಗಿ, ಕಮ್ಮಿಯಾದದ್ದನ್ನ ಲೆಕ್ಕಕ್ಕೆ ಬರ್ಕೊಳ್ಳಿ. ಆವಿ ಮಾಡಿ ಪಾಕ ಬರ್ಸೋ ಹಳೇ ವಿಧಾನ ಬೇಡ ಅನ್ನಲ್ಲ, ಆದ್ರೆ ಒಂದು ನಿಮಿಷ ಮರೆತು ಒಣಗಿಸಿದ್ರೆ ಚಿನ್ನ ತಳ ಹಿಡಿಯತ್ತೆ, ಕುದಿದು ಸಿಡಿದ್ರೆ ಹುಡ್‌ಗೆ ಹೋಗತ್ತೆ.

ಹಂತ 4: ತಣ್ಣಗೆ ಮಾಡಿ, ನೀರು ಬೆರೆಸಿ, ಸೋಸಿ

ಪೂರ್ತಿ ತಣ್ಣಗಾದ ಮೇಲೆ ನಾಲ್ಕು ಪಟ್ಟು ತಣ್ಣೀರಿಗೆ ಈ ದ್ರಾವಣನ ಸುರೀರಿ. ನಮ್ಮ 50 ಎಂಎಲ್‌ಗೆ 200 ಎಂಎಲ್ ನೀರು, ಐಸ್ ಇದ್ರೆ ಇನ್ನೂ ಒಳ್ಳೇದು. ನಲ್ಲಿ ನೀರು ಬೇಡ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು.

ನೀರು ಯಾಕೆ ಅಂದ್ರೆ, ಗಟ್ಟಿ ಹೈಡ್ರೋಕ್ಲೋರಿಕ್‌ನಲ್ಲಿ ಸ್ವಲ್ಪ ಬೆಳ್ಳಿ ಕ್ಲೋರೈಡ್ ಕರಗಿ ಅಡಗಿ ಕೂತಿರತ್ತೆ, ತೆಳು ಮಾಡಿ ತಣ್ಣಗಿಟ್ರೆ ಹೊರಗೆ ಬಿಳಿ ಮೋಡ ಆಗಿ ಬರತ್ತೆ. ಒಂದು ರಾತ್ರಿ ಬಿಡಿ. ಆಮೇಲೆ ಸೋಸಿ, ಬೇಕಾದ್ರೆ ಎರಡನೇ ಪೇಪರ್‌ನಲ್ಲಿ ಮತ್ತೆ ಸೋಸಿ. ಸೋಸಿದ್ದು ಬಂಗಾರದ ಹಳದಿ, ಅಥವಾ ತಾಮ್ರ ಇರೋದ್ರಿಂದ ಹಸಿರು ಹಳದಿ, ಆದ್ರೆ ಗಾಜಿನ ಥರ ತಿಳಿಯಾಗಿರ್ಬೇಕು. ಟಾರ್ಚ್ ಬೆಳಕು ಹಾಯಿಸಿ ನೋಡಿ, ಬೆಳಕಿನ ಗೆರೆ ಒಳಗೆ ಮಂಜಿನ ಹಾಗೆ ಕಂಡ್ರೆ ಇನ್ನೂ ಸೋಸ್ಬೇಕು. ಇಲ್ಲಿ ಸೋಮಾರಿತನ ಮಾಡಿದ್ರೆ ಆ ಬಿಳಿ ಬೆಳ್ಳಿ ನಿಮ್ಮ ಚಿನ್ನದ ಪುಡಿ ಜೊತೆ ಸೇರಿ ಟಚ್, ಅಂದ್ರೆ ಶುದ್ಧತೆ, ಕೆಳಗಿಳ್ಸತ್ತೆ. ಪೇಪರ್‌ನಲ್ಲಿ ಉಳಿದ ಬಿಳಿದನ್ನ ಎಸೀಬೇಡಿ, ನೀರಿನಲ್ಲಿ ಮುಳುಗಿಸಿ ಡಬ್ಬಿಲಿ ಇಡಿ.

ಈಗ ಟೈಲ್ಸ್ ಮೇಲೆ ಸ್ಟ್ಯಾನಸ್ ಟೆಸ್ಟ್. ಕಪ್ಪು ನೇರಳೆ ಬಂದೇ ಬರ್ಬೇಕು. ಬಣ್ಣ ಬಂದು ತಕ್ಷಣ ಮಾಯ ಆದ್ರೆ ನೈಟ್ರಿಕ್ ಇನ್ನೂ ಇದೆ ಅಂತ ಅರ್ಥ, ಹಂತ 3ಕ್ಕೆ ವಾಪಸ್.

ಹಂತ 5: ಬೀಳಿಸೋದು, ಯಾವ ಪುಡಿ ಯಾವಾಗ

ಎಸ್‌ಎಂಬಿ, ಅಂದ್ರೆ ಸೋಡಿಯಂ ಮೆಟಾಬೈಸಲ್ಫೈಟ್, ಒಡವೆ ಮಾಲಿಗೆ ಸಾಕು. ಲೆಕ್ಕದ ಪ್ರಕಾರ 1 ಗ್ರಾಂ ಚಿನ್ನಕ್ಕೆ 0.72 ಗ್ರಾಂ, ಕೆಲಸದಲ್ಲಿ 1 ಗ್ರಾಂಗೆ 1 ಗ್ರಾಂ ಇಟ್ಕೊಳ್ಳಿ. ನಮ್ಮ ಮಾಲಿಗೆ 9ರಿಂದ 10 ಗ್ರಾಂ. ಸ್ಕ್ವಾಷ್, ಜಾಮ್ ಕೆಡದ ಹಾಗೆ ಮನೇಲಿ ಹಾಕೋ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಇದರ ಅಣ್ಣತಮ್ಮನೇ, ಅದೂ ನಡೆಯತ್ತೆ, ಸ್ವಲ್ಪ ಜಾಸ್ತಿ ಬೇಕು. ಡಬ್ಬಿ ತೆಗೆದಾಗ ಮೂಗಿಗೆ ಚುರುಕ್ ಅನ್ನೋ ವಾಸನೆ ಇಲ್ಲ ಅಂದ್ರೆ ಅದು ಹಳಸಿದೆ.

ಅದನ್ನ ಸ್ವಲ್ಪ ನೀರಲ್ಲಿ ಕರಗಿಸಿ, ಹುಡ್ ಕೆಳಗೆ, ತಣ್ಣಗಿರೋ ಚಿನ್ನದ ದ್ರಾವಣಕ್ಕೆ ಸ್ವಲ್ಪ ಸ್ವಲ್ಪ ಹಾಕ್ತಾ ಗಾಜಿನ ಕಡ್ಡಿಲಿ ಕಲಸಿ. ಹಳದಿ ಹೋಗಿ ಕಾಫಿ ಡಿಕಾಕ್ಷನ್ ಥರ ಕಂದು ಆಗತ್ತೆ. ಆ ಕಂದು ಪುಡಿನೇ ಚಿನ್ನ, ಹೊಳೆಯಲ್ಲ ಅಂತ ಗಾಬರಿ ಬೇಡ. ಹಾಕ್ತಿದ್ದ ಹಾಗೇ ಕೆಂಗಂದು ಹೊಗೆ ಎದ್ರೆ ತಕ್ಷಣ ನಿಲ್ಸಿ, ನೈಟ್ರಿಕ್ ಉಳಿದಿದೆ.

ಜಾಸ್ತಿ ಹಾಕಿದ್ರೆ ಒಳ್ಳೇದಲ್ವಾ ಅಂದ್ರೆ, ಅಲ್ಲ. ತಾಮ್ರ ಜಾಸ್ತಿ ಇರೋ ದ್ರಾವಣಕ್ಕೆ ಎಸ್‌ಎಂಬಿ ಸುರೀತಾ ಹೋದ್ರೆ ಬಿಳಿ ತಾಮ್ರದ ಉಪ್ಪು ಬೀಳೋಕೆ ಶುರುವಾಗತ್ತೆ, ಅದನ್ನ ನೋಡಿ ಏನೋ ಬಿತ್ತು ಅಂತ ಇನ್ನೂ ಹಾಕ್ತೀರ.

ಮಾಲಲ್ಲಿ ಪಲ್ಲೇಡಿಯಂ ಇರೋ ಅನುಮಾನ ಇದ್ರೆ, ಉದಾಹರಣೆಗೆ ವೈಟ್ ಗೋಲ್ಡ್, ಅನ್ನಭೇದಿ ಬಳಸಿ, ಅಂದ್ರೆ ಫೆರಸ್ ಸಲ್ಫೇಟ್. ಅದು ಚಿನ್ನನ ಮಾತ್ರ ಆರಿಸ್ಕೊಂಡು ಬೀಳ್ಸತ್ತೆ, ಪ್ಲಾಟಿನಂ ಪಲ್ಲೇಡಿಯಂ ಮೇಲೇ ಬಿಡತ್ತೆ. ತೂಕ ಮಾತ್ರ ಜಾಸ್ತಿ, 1 ಗ್ರಾಂ ಚಿನ್ನಕ್ಕೆ 4.2 ಗ್ರಾಂ ಹಸಿರು ಹರಳು. ಹರಳು ಹಸಿರಾಗಿರ್ಬೇಕು, ತುಕ್ಕಿನ ಬಣ್ಣ ತಿರುಗಿದ್ದು ಕೆಲಸಕ್ಕೆ ಬರಲ್ಲ. ಆಕ್ಸಾಲಿಕ್ ಆಸಿಡ್‌ನಿಂದ ದಪ್ಪ ಸ್ಪಂಜಿನ ಥರ ಚಂದದ ಚಿನ್ನ ಬರತ್ತೆ, ಆದ್ರೆ ಬಿಸಿ ಬೇಕು, ಹುಳಿ ಕಮ್ಮಿ ಮಾಡ್ಬೇಕು, ತಾಳ್ಮೆ ಬೇಕು, ಮೊದಲ ಸಲಕ್ಕೆ ಬೇಡ.

ಸತುವಿನ ಪುಡಿ ಬೇಡ. ಅದು ಚಿನ್ನ ಬೀಳ್ಸತ್ತೆ ನಿಜ, ಜೊತೆಗೆ ತಾಮ್ರ, ಬೆಳ್ಳಿ, ಸೀಸ ಎಲ್ಲಾನೂ ಬೀಳ್ಸತ್ತೆ, ಬಿಡಿಸಿದ್ದನ್ನೆಲ್ಲ ಮತ್ತೆ ಬೆರೆಸಿದ ಹಾಗೆ. ಹೈಡ್ರಜಿನ್, ಬೊರೊಹೈಡ್ರೈಡ್ ಅಂತ ವಿಡಿಯೋದಲ್ಲಿ ತೋರ್ಸ್ತಾರೆ, ಸಣ್ಣ ವರ್ಕ್‌ಶಾಪ್‌ಗೆ ಅವೆರಡೂ ಬೇಡ.

ಹಂತ 6: ಕಾಯಿರಿ, ಮತ್ತೆ ಟೆಸ್ಟ್ ಮಾಡಿ

ಕನಿಷ್ಠ ಒಂದು ರಾತ್ರಿ ಅಲ್ಲಾಡಿಸದೆ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯಿಂದ ಒಂದು ಹನಿ ಟೈಲ್ಸ್ ಮೇಲೆ, ಸ್ಟ್ಯಾನಸ್ ಒಂದು ಹನಿ. ಬಣ್ಣ ಇಲ್ಲ ಅಂದ್ರೆ ಪೂರ್ತಿ ಬಿದ್ದಿದೆ. ಬಣ್ಣ ಇದ್ರೆ ಒಂದು ಗ್ರಾಂ ಎಸ್‌ಎಂಬಿ ಇನ್ನೂ ಹಾಕಿ ಕಾಯಿರಿ. ದ್ರಾವಣದ ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ತಾಮ್ರದ ಹಸಿರು ಚಿನ್ನ ಬಿದ್ದ ಮೇಲೂ ಇರತ್ತೆ.

ಮೇಲೆ ತೆಳು ಬಂಗಾರದ ಪೊರೆ ತೇಲ್ತಿದ್ರೆ ಕಡ್ಡಿಲಿ ಮೆಲ್ಲಗೆ ಮುಟ್ಟಿ ಮುಳುಗಿಸಿ. ತಿಳಿನ ನಿಧಾನ ಬಗ್ಗಿಸಿ ಬೇರೆ ಬೀಕರ್‌ಗೆ, ಮೋರಿಗೆ ಅಲ್ಲ, ಇನ್ನೂ ಅಲ್ಲ.

ಹಂತ 7: ತೊಳೆಯೋದು, ಒಣಗಿಸೋದು, ಕರಗಿಸೋದು

ಪುಡಿನ ಅದೇ ಬೀಕರ್‌ನಲ್ಲಿ ಬಿಸಿ ನೀರಲ್ಲಿ ಎರಡು ಮೂರು ಸಲ ತೊಳೀರಿ, ಆಮೇಲೆ ಹೈಡ್ರೋಕ್ಲೋರಿಕ್ ಹಾಕಿ ಸ್ವಲ್ಪ ಹೊತ್ತು ಬಿಸಿ ಮಾಡಿ, ಆಸಿಡ್ ಹಳದಿ ಅಥವಾ ಹಸಿರಾದ್ರೆ ಬಗ್ಗಿಸಿ ಮತ್ತೆ ಹೊಸದು. ಬಣ್ಣ ಬರದೇ ಇರೋ ತನಕ. ಕೊನೆಗೆ ನೀರು. ಪುಡಿ ಕಪ್ಪಾಗಿದ್ದದ್ದು ತೊಳೀತಾ ತಿಳಿ ಕಂದಿಗೆ ಬರತ್ತೆ.

ಕೆಲವರು ಅಮೋನಿಯಾದಲ್ಲಿ ತೊಳೀತಾರೆ. ನಾನ್ ಬೇಡ ಅಂತೀನಿ. ಕರಗಿರೋ ಚಿನ್ನಕ್ಕಾಗ್ಲಿ ಬೆಳ್ಳಿಗಾಗ್ಲಿ ಅಮೋನಿಯಾ ಸೇರಿ ಒಣಗಿದ್ರೆ ಮುಟ್ಟಿದ್ರೆ ಸಿಡಿಯೋ ವಸ್ತು ಆಗತ್ತೆ, ಹಂತ 4 ಸರಿ ಮಾಡಿದ್ರೆ ಅದರ ಅಗತ್ಯನೇ ಬೀಳಲ್ಲ.

ಸಣ್ಣ ಉರೀಲಿ ಪೂರ್ತಿ ಒಣಗಿಸಿ, ಹಸಿ ಪುಡಿ ಮೂಸೆಗೆ ಹಾಕಿದ್ರೆ ಆವಿ ಎದ್ದು ಚಿನ್ನ ಹೊರಗೆ ಹಾರತ್ತೆ. ಮೂಸೆಗೆ ಮೊದ್ಲು ಬಿಳಿಗಾರ ಸವರಿ ಗಾಜಿನ ಹಾಗೆ ಮಾಡಿ, ಪುಡಿ ಹಾಕಿ, ಶುರುವಿನಲ್ಲಿ ಉರಿ ಮೆಲ್ಲಗೆ, ಊದಿ ಹಾರಿಸ್ಬೇಡಿ. ಚಿನ್ನ ಕರಗೋದು 1064 ಡಿಗ್ರಿಗೆ.

ಗುಂಡು ತೂಗಿ. ನಮ್ಮ ಲೆಕ್ಕಕ್ಕೆ 9.16 ಹತ್ರ ಬರ್ಬೇಕು. 9.4 ಬಂತು ಅಂತ ಕುಣೀಬೇಡಿ, ಚಿನ್ನ ಹುಟ್ಟಿಲ್ಲ, ಒಳಗೆ ಬೆಳ್ಳಿನೋ ತಾಮ್ರನೋ ಕೂತಿದೆ. ಗುಂಡಿನ ಮೇಲೆ ಬೂದು ಪೊರೆ ಇದ್ರೆ, ತಟ್ಟಿದ್ರೆ ಬಿರುಕು ಬಿಟ್ರೆ, ಸೀಸ ತವರ ಇದೆ, ಇನ್ನೊಂದ್ ಸಲ ಮೊದಲಿಂದ.

ಬೆಳ್ಳಿ ಕಥೆ, ಚಿಕ್ಕದಾಗಿ

ನೈಟ್ರಿಕ್‌ನಲ್ಲಿ ಕರಗಿದ ಬೆಳ್ಳಿಗೆ ಪುಡಿ ಯಾವ್ದೂ ಬೇಡ, ಶುದ್ಧ ತಾಮ್ರದ ಪಟ್ಟಿ ಸಾಕು. ದ್ರಾವಣಕ್ಕೆ ನೀರು ಬೆರೆಸಿ, ಪಟ್ಟಿ ಇಳಿಬಿಡಿ, ಬೂದು ಬಣ್ಣದ ಹೂವಿನ ಹಾಗೆ ಬೆಳ್ಳಿ ಕೂರತ್ತೆ, ನೀರು ನೀಲಿ ಆಗ್ತಾ ಹೋಗತ್ತೆ. 10 ಗ್ರಾಂ ಬೆಳ್ಳಿಗೆ ಸುಮಾರು 3 ಗ್ರಾಂ ತಾಮ್ರ ಕರಗತ್ತೆ, ಆದ್ರೆ ಪಟ್ಟಿ ದಪ್ಪಾಗೇ ಇರ್ಲಿ, ತೆಳು ವೈರ್ ಹಾಕಿದ್ರೆ ತುಂಡಾಗಿ ಬೆಳ್ಳಿಗೆ ಬೀಳತ್ತೆ. ಆಗಾಗ ಪಟ್ಟಿ ಅಲ್ಲಾಡಿಸಿ. ಮುಗೀತಾ ಅಂತ ನೋಡೋಕೆ ಒಂದು ಹನಿ ಬೇರೆ ತೆಗೆದು ಉಪ್ಪಿನ ನೀರು ಬಿಡಿ, ಬಿಳಿ ಮೋಡ ಬಂದ್ರೆ ಇನ್ನೂ ಬೆಳ್ಳಿ ಇದೆ. ನೀಲಿ ಪೂರ್ತಿ ಹೋಗೋ ತನಕ ತೊಳೀರಿ.

ಹಂತ 4ರಲ್ಲಿ ಎತ್ತಿಟ್ಟ ಬಿಳಿ ಬೆಳ್ಳಿ ಕ್ಲೋರೈಡ್‌ನ ನೇರ ಮೂಸೆಗೆ ಹಾಕ್ಬೇಡಿ, ಹೊಗೆ ಜೊತೆ ಬೆಳ್ಳಿ ಹೋಗತ್ತೆ. ಆಸಿಡ್ ಹೋಗೋ ತನಕ ತೊಳೆದು, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಲಸಿದ್ರೆ ಕಪ್ಪು ಕಂದಾಗತ್ತೆ, ಒಳಗೆಲ್ಲೂ ಬಿಳಿ ಗಂಟು ಉಳೀಬಾರ್ದು, ಆಮೇಲೆ ಚಿಟಿಕೆ ಚಿಟಿಕೆ ಸಕ್ಕರೆ ಹಾಕಿ, ಹೌದು ಮಾಮೂಲಿ ಸಕ್ಕರೆನೇ, ಬೂದು ಬೆಳ್ಳಿ ಆಗತ್ತೆ. ಬಿಸಿಯಾಗಿ ಉಕ್ಕತ್ತೆ, ಕಾಸ್ಟಿಕ್ ಕಣ್ಣಿಗೆ ಬಿದ್ರೆ ಆಸಿಡ್‌ಗಿಂತ ಕೆಟ್ಟದು, ಗಾಗಲ್ ತೆಗೀಬೇಡಿ.

ಉಳಿದ ನೀರು ಏನ್ ಮಾಡೋದು

ಎಲ್ಲಾ ಬಗ್ಗಿಸಿದ ನೀರು, ತೊಳೆದ ನೀರು ಒಂದು ಪ್ಲಾಸ್ಟಿಕ್ ಬಕೆಟ್‌ಗೆ. ಸ್ಟ್ಯಾನಸ್ ಟೆಸ್ಟ್ ಇನ್ನೊಂದ್ ಸಲ. ಆಮೇಲೆ ಹುಡ್ ಕೆಳಗೇ ಕಬ್ಬಿಣದ ತುಂಡು ಹಾಕಿ ಕೆಲವು ದಿನ ಬಿಡಿ, ತಾಮ್ರ ಮತ್ತೆ ಅಲ್ಲಿ ಇಲ್ಲಿ ಉಳಿದ ಬೆಲೆಬಾಳೋದೆಲ್ಲ ಕೆಂಪು ಕೆಸರಾಗಿ ಕೂರತ್ತೆ. ಆ ಕೆಸರು ತೆಗೆದಿಟ್ಟು, ನೀರಿಗೆ ಸುಣ್ಣನೋ ವಾಷಿಂಗ್ ಸೋಡಾನೋ ಸ್ವಲ್ಪ ಸ್ವಲ್ಪ ಹಾಕಿ ಪಿಎಚ್ 8ರಿಂದ 9ಕ್ಕೆ ತನ್ನಿ, ಸೋಡಾ ಜೋರಾಗಿ ಉಕ್ಕತ್ತೆ. ಕೆಳಗೆ ಕೂತ ಮಡ್ಡಿ ಮೋರಿಗಲ್ಲ, ಗಿಡದ ಬುಡಕ್ಕಂತೂ ಅಲ್ಲವೇ ಅಲ್ಲ, ಒಣಗಿಸಿ ಡಬ್ಬಿಗೆ ಹಾಕಿ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಪರವಾನಗಿ ಇರೋರಿಗೆ ಕೊಡಿ.

ಫಿಲ್ಟರ್ ಪೇಪರ್, ಟೈಲ್ಸ್ ಒರೆಸಿದ ಟಿಶ್ಯೂ, ಹರಿದ ಗ್ಲೌಸ್ ಎಲ್ಲಾನೂ ತೊಳೆದು ಒಣಗಿಸಿ ಒಂದು ಡಬ್ಬಿಲಿ ತಾರೀಖು ಬರೆದು ತುಂಬ್ತಾ ಹೋಗಿ. ಗ್ಲೌಸ್ ಬಿಟ್ಟು ಪೇಪರ್ ಮಾತ್ರ ವರ್ಷಕ್ಕೊಂದ್ ಸಲ ಸುಟ್ಟು ಬೂದಿನ ಹಂತ 2ರಿಂದ ತಗೊಳ್ಳಿ, 9.16 ಬರ್ಬೇಕಾದಲ್ಲಿ 9.05 ಬಂತು ಅಂದ್ಕೊಳ್ಳಿ, ಆ ಉಳಿದದ್ದು ಹೆಚ್ಚಿನ ಪಾಲು ಅಲ್ಲೇ ಇರತ್ತೆ.